ಯಾಂಬುಕುವಿನಿಂದ ಹೊರಟ ರಕ್ತ

ಬೆಳಿಗ್ಗೆ ಕೆಲಸ ಶುರುವಾಗುವ ಹೊತ್ತಿಗೆ ನರ್ಸುಗಳ ಕೈಗೆ ಐದು ಸಿರಿಂಜು ಕೊಡುತ್ತಿದ್ದರು. ಹೊರರೋಗಿಗಳ ಸಾಲಿಗೂ ವಾರ್ಡಿನಲ್ಲಿ ಮಲಗಿದವರಿಗೂ ತಪಾಸಣೆಗೆ ಬಂದ ಬಸುರಿಯರಿಗೂ ಅವೇ ಐದು. ಒಬ್ಬರಿಗೆ ಚುಚ್ಚಿದ ಮೇಲೆ ಪಾತ್ರೆಯಲ್ಲಿದ್ದ ಬೆಚ್ಚನೆಯ ನೀರಿನಲ್ಲಿ ಅಲುಬಿ ಮುಂದಿನವರಿಗೆ ಚುಚ್ಚುವುದು. ದಿನದ ಕೊನೆಗೆ, ಅದೂ ಕೆಲವೊಮ್ಮೆ, ಕುದಿಸುವುದು. ಇಂದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ ಎನ್ನಿಸಿಕೊಂಡಿರುವ, ಆಗ ಝೈರ್ ಎಂದು ಕರೆಯುತ್ತಿದ್ದ ದೇಶದ ಉತ್ತರ ಭಾಗದ ಮಳೆಕಾಡಿನಲ್ಲಿದ್ದ ಯಾಂಬುಕು ಮಿಷನ್ ಆಸ್ಪತ್ರೆಯ ದಿನಚರಿ ಇದು. ಬೆಲ್ಜಿಯಂನ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಆಸ್ಪತ್ರೆ. 120 ಹಾಸಿಗೆ, 17 ಮಂದಿ ವೈದ್ಯಕೀಯ ಸಿಬ್ಬಂದಿ, ತಿಂಗಳಿಗೆ ಸಾವಿರಾರು ರೋಗಿಗಳು. ಸುತ್ತಲಿನ ಜನಕ್ಕೆ ಅದನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅಲ್ಲಿ ಸೂಜಿಮದ್ದು ಚೆನ್ನಾಗಿ ಕೊಡುತ್ತಾರೆ ಎಂಬ ಹೆಸರು ಬೇರೆ ಇತ್ತು.

1976ರ ಆಗಸ್ಟ್ 26ರಂದು ಅಲ್ಲಿನ ಮಿಷನ್ ಶಾಲೆಯ ಶಿಕ್ಷಕರೊಬ್ಬರು ಜ್ವರವೆಂದು ಬಂದರು. ಮಲೇರಿಯಾ ಇರಬೇಕೆಂದು ಕ್ಲೋರೋಕ್ವಿನ್ ಇಂಜೆಕ್ಷನ್ ಕೊಟ್ಟರು. ಜ್ವರ ಇಳಿಯಿತು, ಕೆಲವೇ ದಿನಗಳಲ್ಲಿ ಮತ್ತೆ ಏರಿತು. ಸೆಪ್ಟೆಂಬರ್ 8ರಂದು ಅವರು ತೀರಿಕೊಂಡರು. ಆ ಹೊತ್ತಿಗಾಗಲೇ ಆಸ್ಪತ್ರೆಗೆ ಬಂದುಹೋದ ಇತರರಿಗೂ ಅದೇ ಜ್ವರ, ವಾಂತಿ, ಭೇದಿ, ರಕ್ತಸ್ರಾವ ಕಾಣಿಸಿಕೊಂಡಿತ್ತು. ಆರೈಕೆ ಮಾಡಿದ ಮನೆಯವರು ಮಲಗಿದರು. ಶವ ತೊಳೆದ ಹೆಂಗಸರು ಮಲಗಿದರು. ನರ್ಸುಗಳು ಮಲಗಿದರು. 17 ಸಿಬ್ಬಂದಿಯಲ್ಲಿ 11 ಮಂದಿ ಸತ್ತು, ಸೆಪ್ಟೆಂಬರ್ ಕೊನೆಗೆ ಆಸ್ಪತ್ರೆಯ ಬಾಗಿಲು ಮುಚ್ಚಿತು.

ಅದಕ್ಕೆ ಸ್ವಲ್ಪ ಮೊದಲು ರಾಜಧಾನಿ ಕಿನ್ಶಾಸಾದಿಂದ ಇಬ್ಬರು ವೈದ್ಯರನ್ನು ಸರ್ಕಾರ ಅಲ್ಲಿಗೆ ಕಳಿಸಿತ್ತು. ಒಬ್ಬರು ಸೇನೆಯ ವೈದ್ಯರು. ಇನ್ನೊಬ್ಬರು ಝಾನ್-ಝಾಕ್ ಮುಯೆಂಬೆ, 34 ವರ್ಷದ ಸೂಕ್ಷ್ಮಾಣುಶಾಸ್ತ್ರಜ್ಞ. ಕಿನ್ಶಾಸಾದಲ್ಲಿ ವೈದ್ಯಕೀಯ ಓದಿ, ಬೆಲ್ಜಿಯಂನ ಲುವೆನ್ ವಿಶ್ವವಿದ್ಯಾಲಯದಲ್ಲಿ ವೈರಾಣುಗಳ ಮೇಲೆ ಡಾಕ್ಟರೇಟ್ ಮುಗಿಸಿ ತಾಯ್ನಾಡಿಗೆ ಮರಳಿದ್ದವರು. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿನಾರು ವರ್ಷವಾಗಿತ್ತು. ಇಂಥ ಓದು ಓದಿದವರು ಅಲ್ಲಿ ಬೆರಳೆಣಿಕೆಯಷ್ಟು.

ಬುಂಬಾ ಪಟ್ಟಣದವರೆಗೆ ವಿಮಾನ, ಅಲ್ಲಿಂದ ಕಾಡಿನ ಕೆಸರುದಾರಿ. ಅವರು ತಲುಪಿದಾಗ ಆಸ್ಪತ್ರೆ ಬಿಕೋ ಎನ್ನುತ್ತಿತ್ತು. ರೋಗ ಇರುವುದೇ ಇಲ್ಲಿ ಎಂದು ಹೆದರಿದ ಜನ ಊರೂರಿಗೆ ಓಡಿಹೋಗಿದ್ದರು. ಕಿನ್ಶಾಸಾದಿಂದ ಡಾಕ್ಟರರು ಔಷಧ ತಂದಿದ್ದಾರೆಂಬ ಸುದ್ದಿ ಹಬ್ಬಿದ್ದರಿಂದ ಮರುದಿನ ಬೆಳಿಗ್ಗೆ ರೋಗಿಗಳು ಬಂದರು. ಇದು ಟೈಫಾಯ್ಡ್ ಇರಬಹುದು, ಹಳದಿ ಜ್ವರ ಇರಬಹುದು ಎಂದುಕೊಂಡೇ ಮುಯೆಂಬೆ ರಕ್ತ ತೆಗೆಯಲು ಕೂತರು. ಕೈಗವಸು ಇರಲಿಲ್ಲ. ಸೂಜಿ ಹೊರಗೆಳೆದರೆ ಸಾಮಾನ್ಯವಾಗಿ ಒಂದು ಹನಿ ಮೂಡಿ ನಿಂತುಬಿಡಬೇಕು. ಇಲ್ಲಿ ರಕ್ತ ಹರಿಯುತ್ತಲೇ ಇತ್ತು, ಒತ್ತಿ ಹಿಡಿದರೂ ಹೆಪ್ಪುಗಟ್ಟಲಿಲ್ಲ. ಅವರ ಬೆರಳು, ಅಂಗೈಯೆಲ್ಲ ರಕ್ತವಾಯಿತು. ಸೋಪು ಹಚ್ಚಿ ನೀರಿನಲ್ಲಿ ತೊಳೆದುಕೊಂಡರು. ಸತ್ತ ನರ್ಸುಗಳ ದೇಹದಿಂದ ಯಕೃತ್ತಿನ ಚೂರುಗಳನ್ನೂ ತೆಗೆದರು, ಅದೂ ಬರಿಗೈಯಲ್ಲೇ. ಅವರ ಪ್ರಾಣ ಉಳಿಸಿದ್ದು ಆ ಸೋಪು ಮತ್ತು ಅದೃಷ್ಟ. ಮುಂದೆ ಅವರೇ ಇದನ್ನು ಅನೇಕ ಸಲ ಹೇಳಿಕೊಂಡಿದ್ದಾರೆ.

ಜ್ವರ ಬಂದಿದ್ದ ಒಬ್ಬ ಸನ್ಯಾಸಿನಿಯನ್ನು ಒಪ್ಪಿಸಿ, ತಮ್ಮ ಜೊತೆಯಲ್ಲೇ ಕಿನ್ಶಾಸಾಕ್ಕೆ ಕರೆದೊಯ್ದರು. ಅಲ್ಲಿನ ಆಸ್ಪತ್ರೆಯಲ್ಲಿ ಆಕೆ ತೀರಿಕೊಂಡರು. ಆಕೆಯ ಆರೈಕೆ ಮಾಡಿದ ಯುವ ನರ್ಸ್ ಒಬ್ಬಳೂ ಸತ್ತಳು. ಸನ್ಯಾಸಿನಿಯ ರಕ್ತವನ್ನು ಪರೀಕ್ಷಿಸುವ ಪ್ರಯೋಗಾಲಯ ಇಡೀ ಝೈರ್‌ನಲ್ಲಿ ಇರಲಿಲ್ಲ. ಹೀಗಾಗಿ ಐಸ್ ತುಂಬಿದ ಒಂದು ನೀಲಿ ಫ್ಲಾಸ್ಕಿನಲ್ಲಿ ಅದು ವಿಮಾನದ ಪ್ರಯಾಣಿಕರೊಬ್ಬರ ಕೈಯಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ಗೆ ಹೋಯಿತು. ಅಲ್ಲಿನ ಉಷ್ಣವಲಯ ವೈದ್ಯಕೀಯ ಸಂಸ್ಥೆಯಲ್ಲಿ ಮುಚ್ಚಳ ತೆರೆದಾಗ ಎರಡು ಸೀಸೆಗಳಲ್ಲಿ ಒಂದು ಒಡೆದು, ರಕ್ತ ಐಸ್ ನೀರಿನಲ್ಲಿ ಬೆರೆತಿತ್ತು. ಉಳಿದ ಒಂದರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ, ಹುಳುವಿನಂತೆ ಉದ್ದಕ್ಕೆ ಸುರುಳಿ ಸುತ್ತಿದ ವೈರಾಣು ಕಂಡಿತು. ಮಾದರಿಗಳು ಇಂಗ್ಲೆಂಡಿನ ಪೋರ್ಟನ್ ಡೌನ್ ಮತ್ತು ಅಮೆರಿಕದ ಅಟ್ಲಾಂಟಾದ ಪ್ರಯೋಗಾಲಯಗಳಿಗೂ ಹೋದವು. ಆಕಾರದಲ್ಲಿ ಆಗಲೇ ಗೊತ್ತಿದ್ದ ಮಾರ್ಬರ್ಗ್ ವೈರಾಣುವನ್ನು ಹೋಲುತ್ತಿದ್ದರೂ ಇದು ಬೇರೆಯದೇ ಎಂದು ಖಚಿತವಾಯಿತು.

ಊರಿನ ಹೆಸರಿಟ್ಟರೆ ಆ ಊರಿಗೆ ಶಾಶ್ವತ ಕಳಂಕ ಅಂಟುತ್ತದೆಂದು ಹತ್ತಿರದ ಪ್ರದೇಶದ ಎಬೋಲಾ ನದಿಯ ಹೆಸರನ್ನು ವಿಜ್ಞಾನಿಗಳು ಆರಿಸಿಕೊಂಡರು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಜನಕ್ಕೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮನುಷ್ಯರಿಗೂ ಜ್ವರ ಬಂದಾಗ, ಆ ಕಾಯಿಲೆಗೆ ಆ ಕಾಡಿನ ಹೆಸರೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಉಳಿಯಿತು. ಮಲೆನಾಡಿನ ಮಂಗನ ಕಾಯಿಲೆಯೂ ರಕ್ತಸ್ರಾವದ ಜ್ವರಗಳ ಗುಂಪಿಗೇ ಸೇರಿದ್ದು. ಆದರೆ ಅದನ್ನು ಹರಡುವುದು ಉಣುಗು, ಮನುಷ್ಯರಿಂದ ಮನುಷ್ಯರಿಗೆ ಅದು ದಾಟುವುದಿಲ್ಲ. ಎಬೋಲಾ ದಾಟುವುದು ರೋಗಿಯ ರಕ್ತ, ವಾಂತಿ, ಬೆವರು, ಶವದ ಸ್ಪರ್ಶದಿಂದ. ಹತ್ತಿರ ಕೂತು ಶುಶ್ರೂಷೆ ಮಾಡಿದವರನ್ನೇ ಅದು ಮೊದಲು ಹಿಡಿಯುತ್ತದೆ.

ಯಾಂಬುಕು ಸುತ್ತಮುತ್ತ 318 ಮಂದಿಗೆ ರೋಗ ತಗುಲಿತು, 280 ಮಂದಿ ಸತ್ತರು. ಅದೇ ವರ್ಷ ಆಗಿನ ಸುಡಾನ್‌ನ ನ್ಝಾರಾ ಮತ್ತು ಮರಿಡಿ ಪಟ್ಟಣಗಳಲ್ಲಿ ಇದೇ ಕುಲದ ಇನ್ನೊಂದು ವೈರಾಣು 151 ಜನರನ್ನು ಬಲಿ ತೆಗೆದುಕೊಂಡಿತ್ತು. ರೋಗದ ತನಿಖೆಗೆ ಬಂದ ಅಂತರರಾಷ್ಟ್ರೀಯ ಆಯೋಗ ಊರೂರು ಸುತ್ತಿ ಲೆಕ್ಕ ತೆಗೆದಾಗ ಎದೆಯೊಡೆಯುವ ಒಂದು ಸಂಗತಿ ಹೊರಬಿತ್ತು: ಯಾಂಬುಕುವಿನಲ್ಲಿ ಕೇವಲ ಸೂಜಿಯಿಂದ ಸೋಂಕು ತಗುಲಿದವರಲ್ಲಿ ಒಬ್ಬರೂ ಬದುಕಿರಲಿಲ್ಲ. ಬಸುರಿಯರಿಗೆ ಶಕ್ತಿ ಬರಲೆಂದು ಕೊಟ್ಟ ಇಂಜೆಕ್ಷನ್ನುಗಳೂ ಅದರಲ್ಲಿ ಸೇರಿದ್ದವು. ರೋಗವನ್ನು ನಿಲ್ಲಿಸಿದ್ದು ಔಷಧವಲ್ಲ, ಆಗ ಔಷಧವೇ ಇರಲಿಲ್ಲ. ಆಸ್ಪತ್ರೆ ಮುಚ್ಚಿತು, ಸೂಜಿ ನಿಂತಿತು. ಸಿಡುಬಿನ ಕಾಲದಿಂದ ಕಲಿತಿದ್ದಂತೆ ಹಳ್ಳಿಯ ಹಿರಿಯರು ದಾರಿಗೆ ಮರ ಅಡ್ಡ ಹಾಕಿ, ರೋಗಿಗಳನ್ನು ಊರಿಂದಾಚೆ ಇರಿಸಿದರು. ವಿದೇಶಿ ತಂಡ ಬರುವ ಮೊದಲೇ ಹಲವು ಊರುಗಳಲ್ಲಿ ಈ ಕೆಲಸ ನಡೆದಿತ್ತು.

ಎಬೋಲಾ ಕಂಡುಹಿಡಿದ ಕತೆಯನ್ನು ಪಾಶ್ಚಾತ್ಯ ಪುಸ್ತಕಗಳು ಹೇಳುವಾಗ ಆಂಟ್‌ವರ್ಪ್‌ನ ಫ್ಲಾಸ್ಕಿನಿಂದ ಶುರು ಮಾಡಿದವು. ಆ ರಕ್ತವನ್ನು ಹುಡುಕಿಕೊಂಡು ಕಾಡಿಗೆ ಹೋದ ವೈದ್ಯನ ಹೆಸರು ದಶಕಗಳ ಕಾಲ ಅಂಚಿನಲ್ಲೇ ಉಳಿಯಿತು. ಆಂಟ್‌ವರ್ಪ್, ಅಟ್ಲಾಂಟಾಗಳ ವಿಜ್ಞಾನಿಗಳ ಕೆಲಸ ಸಣ್ಣದೇನಲ್ಲ, ಅವರಿಲ್ಲದೆ ವೈರಾಣುವಿನ ಗುರುತು ಸಿಗುತ್ತಿರಲಿಲ್ಲ. ಆದರೆ ಹೆಸರು ಹಂಚುವಾಗ ತಕ್ಕಡಿ ಒಂದೇ ಕಡೆ ವಾಲಿದ್ದು ಅನ್ಯಾಯ.

ಹತ್ತೊಂಬತ್ತು ವರ್ಷಗಳ ಬಳಿಕ ಆ ಜ್ವರ ಕಾಡಿನಿಂದ ಪಟ್ಟಣಕ್ಕೆ ಬಂತು. 1995ರ ಏಪ್ರಿಲ್‌ನಲ್ಲಿ, ಕಿನ್ಶಾಸಾದ ಪೂರ್ವಕ್ಕಿರುವ ಕಿಕ್‌ವಿಟ್ ಎಂಬ ದೊಡ್ಡ ಪಟ್ಟಣದಲ್ಲಿ ಆಸ್ಪತ್ರೆಯ ಪ್ರಯೋಗಾಲಯ ಸಿಬ್ಬಂದಿಯೊಬ್ಬರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಆಪರೇಷನ್ ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಜ್ವರ ಬಂದು ಬಿದ್ದರು. ರಕ್ತಭೇದಿ ಇರಬೇಕೆಂದು ಸ್ಥಳೀಯ ವೈದ್ಯರು ಶಂಕಿಸಿದರು. ಮುಯೆಂಬೆ ಬಂದು ನೋಡಿದವರೇ ಯಾಂಬುಕುವನ್ನು ನೆನೆದರು. ಮಾದರಿಗಳು ಮತ್ತೆ ಹೊರದೇಶಕ್ಕೆ ಹೋದವು. ಅಟ್ಲಾಂಟಾದ ಉತ್ತರ ಎಬೋಲಾ ಎಂದೇ ಬಂತು. ಆ ಸಲ 315 ಮಂದಿಗೆ ಸೋಂಕು, 254 ಸಾವು. ಸೋಂಕಿತರಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಆರೋಗ್ಯ ಸಿಬ್ಬಂದಿ.

ಕಿಕ್‌ವಿಟ್‌ನಲ್ಲಿ ನಡೆದ ಒಂದು ಪ್ರಯತ್ನದ ಹತ್ತಿರ ಕೊಂಚ ನಿಲ್ಲಬೇಕು. ಈ ಲೇಖನದ ಜೀವ ಅಲ್ಲಿದೆ.

ರೋಗಿಗಳಲ್ಲಿ ಐದಕ್ಕೆ ನಾಲ್ವರು ಸಾಯುತ್ತಿದ್ದರು, ಒಬ್ಬರು ಉಳಿಯುತ್ತಿದ್ದರು. ಉಳಿದವರ ದೇಹ ಏನನ್ನೋ ಮಾಡಿಕೊಂಡೇ ಉಳಿದಿರಬೇಕಲ್ಲ? ಅವರ ರಕ್ತದಲ್ಲಿ ವೈರಾಣುವನ್ನು ಕಟ್ಟಿಹಾಕುವ ಪ್ರತಿಕಾಯಗಳು ಇರಲೇಬೇಕು. ಹಾಗಿದ್ದರೆ ಆ ರಕ್ತವನ್ನೇ ಸಾಯುತ್ತಿರುವವರಿಗೆ ಏಕೆ ಕೊಡಬಾರದು? ಮುಯೆಂಬೆ ಮತ್ತು ಕಾಂಗೋದ ಅವರ ಸಹೋದ್ಯೋಗಿಗಳ ತರ್ಕ ಇಷ್ಟು ಸರಳವಾಗಿತ್ತು. ಗುಣವಾದವರ ರಕ್ತಸಾರ ಬಳಸುವ ಪದ್ಧತಿ ವೈದ್ಯಶಾಸ್ತ್ರಕ್ಕೆ ಹೊಸದೂ ಅಲ್ಲ. ಅಲ್ಲಿದ್ದ ವಿದೇಶಿ ತಜ್ಞರು ಒಪ್ಪಲಿಲ್ಲ: ರಕ್ತದಲ್ಲಿ ಇನ್ನೂ ವೈರಾಣು ಉಳಿದಿದ್ದರೆ? ಎಚ್‌ಐವಿ ಇದ್ದರೆ? ಆದರೆ ಹಾಸಿಗೆಯಲ್ಲಿ ಮಲಗಿದ್ದದ್ದು ಅವರದೇ ಜೊತೆ ದುಡಿದ ಒಬ್ಬ ನರ್ಸ್. ಕಾಂಗೋ ವೈದ್ಯರು ದಾನಿಗಳ ರಕ್ತವನ್ನು ಪರೀಕ್ಷಿಸಿ, ಆಕೆಗೆ ಕೊಟ್ಟರು. ಆಕೆ ಬದುಕಿದಳು. ಇನ್ನೂ ಏಳು ಮಂದಿಗೆ ಕೊಟ್ಟರು, 150ರಿಂದ 400 ಮಿಲಿಲೀಟರ್‌ವರೆಗೆ. ಒಟ್ಟು ಎಂಟು ಮಂದಿಯಲ್ಲಿ ಏಳು ಮಂದಿ ಮನೆಗೆ ನಡೆದುಹೋದರು.

ವೈದ್ಯಕೀಯ ಪತ್ರಿಕೆಯಲ್ಲಿ ಈ ವರದಿ ಬಂದದ್ದು 1999ರಲ್ಲಿ. ಜಗತ್ತು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ವಿಮರ್ಶಕರ ಮಾತಿನಲ್ಲಿ ಹುರುಳಿತ್ತು ಎಂಬುದನ್ನೂ ಒಪ್ಪಬೇಕು. ಎಂಟೇ ರೋಗಿಗಳು, ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ರೋಗದ ಅಬ್ಬರ ಇಳಿಯುತ್ತಿದ್ದ ಕೊನೆಯ ದಿನಗಳು, ಆರೈಕೆಯೂ ಆಗ ಮೊದಲಿಗಿಂತ ಉತ್ತಮವಾಗಿತ್ತು. ರಕ್ತದಿಂದಲೇ ಉಳಿದರೆಂದು ಹೇಗೆ ಹೇಳುವುದು? ಪ್ರಶ್ನೆ ಸರಿ. ಆದರೆ ಪ್ರಶ್ನೆ ಎದ್ದಾಗ ಉತ್ತರ ಹುಡುಕುವ ಪ್ರಯೋಗ ನಡೆಯಬೇಕಿತ್ತು. ಅದಕ್ಕೆ ಹಣ, ಪ್ರಯೋಗಾಲಯ, ಆಸಕ್ತಿ ಯಾವುದೂ ಒದಗಲಿಲ್ಲ. ಬಡವರ ಕಾಡಿನಲ್ಲಿ ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬಂದುಹೋಗುವ ಜ್ವರಕ್ಕೆ ಔಷಧ ಮಾಡಿ ಮಾರುವವರು ಯಾರು?

ಆದರೂ ಎಳೆ ಪೂರ್ತಿ ಕಡಿಯಲಿಲ್ಲ. 2006ರಲ್ಲಿ, ಅಂದರೆ ಸೋಂಕು ತಗುಲಿದ ಹನ್ನೊಂದು ವರ್ಷಗಳ ನಂತರ, ಕಿಕ್‌ವಿಟ್‌ನಲ್ಲಿ ಬದುಕುಳಿದ ಒಬ್ಬರಿಂದ ಮತ್ತೆ ರಕ್ತ ಪಡೆಯಲಾಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನ್ಯಾನ್ಸಿ ಸಲಿವನ್ ಅವರ ತಂಡ ಮುಯೆಂಬೆಯವರ ಸಹಕಾರದಿಂದ ಈ ಕೆಲಸಕ್ಕೆ ಕೈಹಾಕಿತ್ತು. ಹನ್ನೊಂದು ವರ್ಷವಾಗಿದ್ದರೂ ಆ ವ್ಯಕ್ತಿಯ ರಕ್ತದಲ್ಲಿ ಎಬೋಲಾ ವಿರುದ್ಧದ ಪ್ರತಿಕಾಯ ಉಳಿದೇ ಇತ್ತು. ಸ್ವಿಟ್ಜರ್ಲೆಂಡಿನ ಪ್ರತಿರಕ್ಷಾ ವಿಜ್ಞಾನಿಗಳೊಂದಿಗೆ ಸೇರಿ, ಆ ರಕ್ತದ ಜೀವಕೋಶಗಳಿಂದ ಅತ್ಯಂತ ಬಲವಾದ ಒಂದು ಪ್ರತಿಕಾಯವನ್ನು ಬೇರ್ಪಡಿಸಿದರು. ಅದಕ್ಕೆ ಎಂಎಬಿ114 ಎಂದು ಹೆಸರಾಯಿತು. ಎಬೋಲಾ ವೈರಾಣು ಮನುಷ್ಯನ ಜೀವಕೋಶದೊಳಗೆ ನುಗ್ಗಬೇಕಾದರೆ ತನ್ನ ಮೇಲ್ಮೈಯ ಪ್ರೋಟೀನಿನ ಒಂದು ನಿರ್ದಿಷ್ಟ ಭಾಗದಿಂದ ಕೋಶದ ಗ್ರಾಹಕಕ್ಕೆ ಅಂಟಿಕೊಳ್ಳಬೇಕು. ಈ ಪ್ರತಿಕಾಯ ನೇರವಾಗಿ ಆ ಭಾಗದ ಮೇಲೆಯೇ ಕೂತು ವೈರಾಣುವಿನ ದಾರಿ ಮುಚ್ಚುತ್ತದೆ. ಇದೊಂದನ್ನೇ ಕೊಟ್ಟರೂ ಸೋಂಕಿತ ಕೋತಿಗಳು ಬದುಕಿದವು. ಪುಡಿಯ ರೂಪದಲ್ಲಿ ಸಾಗಿಸಬಹುದು, ಒಂದೇ ಸಲ ಡ್ರಿಪ್ ಹಾಕಿದರೆ ಸಾಕು. ರಸ್ತೆ, ವಿದ್ಯುತ್ ನೆಚ್ಚಿಕೊಳ್ಳಲಾಗದ ಕಡೆ ಇದು ಸಣ್ಣ ಅನುಕೂಲವಲ್ಲ.

ಕೋತಿಗಳ ಮೇಲಿನ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಪಶ್ಚಿಮ ಆಫ್ರಿಕದ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 28,000ಕ್ಕೂ ಹೆಚ್ಚು ಮಂದಿಗೆ ಸೋಂಕು ತಗುಲಿ, 11,000ಕ್ಕೂ ಹೆಚ್ಚು ಜೀವ ಹೋಗಿತ್ತು. ಸಿಯೆರಾ ಲಿಯೋನ್‌ನ ಕೆನೆಮಾ ಆಸ್ಪತ್ರೆಯಲ್ಲಿ ನೂರಕ್ಕೂ ಹೆಚ್ಚು ರೋಗಿಗಳನ್ನು ನೋಡಿದ್ದ ಡಾ. ಶೇಕ್ ಉಮರ್ ಖಾನ್ 2014ರ ಜುಲೈನಲ್ಲಿ ಅದೇ ರೋಗಕ್ಕೆ ಬಲಿಯಾದರು. ಝೆಡ್‌ಮ್ಯಾಪ್ ಎಂಬ ಪ್ರಾಯೋಗಿಕ ಔಷಧ ಕೈಗೆಟಕುವ ದೂರದಲ್ಲಿದ್ದರೂ ಅವರಿಗೆ ಅದನ್ನು ಕೊಡಲಿಲ್ಲ. ಶ್ರೀಮಂತ ದೇಶಗಳಿಗೂ ನಾಲ್ಕಾರು ರೋಗಿಗಳು ತಲುಪಿದ ಮೇಲೆ ಹಣವೂ ಹರಿಯಿತು, ಆಸಕ್ತಿಯೂ ಹುಟ್ಟಿತು. ಕೆನಡಾದ ಪ್ರಯೋಗಾಲಯದಲ್ಲಿ ವರ್ಷಗಳಿಂದ ಕಾದಿದ್ದ ಲಸಿಕೆಯೊಂದನ್ನು 2015ರಲ್ಲಿ ಗಿನಿಯಲ್ಲಿ ಪರೀಕ್ಷಿಸಿದಾಗ ಅದು ಅದ್ಭುತವಾಗಿ ಕೆಲಸ ಮಾಡಿತು. ಆ ಲಸಿಕೆಯಲ್ಲಿರುವ ಎಬೋಲಾ ಪ್ರೋಟೀನು ಕೂಡ ಕಿಕ್‌ವಿಟ್‌ನ 1995ರ ವೈರಾಣುವಿನದೇ.

2018ರ ಆಗಸ್ಟ್ 1ರಂದು ಕಾಂಗೋದ ಪೂರ್ವದ ಉತ್ತರ ಕಿವು ಪ್ರಾಂತ್ಯದಲ್ಲಿ ಎಬೋಲಾ ಘೋಷಣೆಯಾಯಿತು. ಅದು ಯುದ್ಧಭೂಮಿ. ಡಜನ್‌ಗಟ್ಟಲೆ ಸಶಸ್ತ್ರ ಗುಂಪುಗಳು, ಹತ್ಯಾಕಾಂಡಗಳು, ಸರ್ಕಾರವೆಂದರೆ ಅಪನಂಬಿಕೆ. ಹೊಳೆಯುವ ಜೀಪುಗಳಲ್ಲಿ ಬಂದಿಳಿದ ಎಬೋಲಾ ತಂಡಗಳನ್ನು ಕಂಡು ಜನ ಕೇಳಿದ್ದು ಒಂದೇ: ನಮ್ಮನ್ನು ಕಡಿದು ಹಾಕುವಾಗ ಬಾರದವರು, ಮಕ್ಕಳು ದಡಾರದಿಂದ ಸಾಯುವಾಗ ಬಾರದವರು ಈಗೇಕೆ ಬಂದಿರಿ? ಆ ಪ್ರಶ್ನೆ ಪೂರ್ತಿ ನ್ಯಾಯವಾದದ್ದು. 2019ರ ಆರಂಭದಿಂದ ಒಂದು ವರ್ಷದಲ್ಲಿ ಕಾಂಗೋದಲ್ಲಿ ದಡಾರ 6,000ಕ್ಕೂ ಹೆಚ್ಚು ಜೀವ ತೆಗೆಯಿತು, ಎಬೋಲಾಗಿಂತ ಎಷ್ಟೋ ಹೆಚ್ಚು. ಅನುಮಾನ ಹಿಂಸೆಗೆ ತಿರುಗಿ ಚಿಕಿತ್ಸಾ ಕೇಂದ್ರಗಳು ಸುಟ್ಟವು. ಬುಟೆಂಬೊದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯ ರಿಚರ್ಡ್ ಮೌಝೋಕೊ ಅವರನ್ನು ಆಸ್ಪತ್ರೆಯಲ್ಲೇ ಗುಂಡಿಕ್ಕಿ ಕೊಂದರು.

ಇಂಥ ಕಡೆಯಲ್ಲಿ, 2018ರ ನವೆಂಬರ್ 20ರಂದು, ನಾಲ್ಕು ಔಷಧಗಳನ್ನು ಎದುರುಬದುರು ಇಟ್ಟು ನೋಡುವ ಪ್ರಯೋಗ ಶುರುವಾಯಿತು. ಮೇಲ್ವಿಚಾರಣೆ ಮುಯೆಂಬೆಯವರದು; ಅವರು ಆಗ ಕಿನ್ಶಾಸಾದ ರಾಷ್ಟ್ರೀಯ ಜೀವವೈದ್ಯಕೀಯ ಸಂಶೋಧನಾ ಸಂಸ್ಥೆ ಐಎನ್‌ಆರ್‌ಬಿಯ ನಿರ್ದೇಶಕರು. ಅವರು ಬೆಳೆಸಿದ ಕಿರಿಯ ವಿಜ್ಞಾನಿ ಸಬೂ ಮುಲಾಂಗು ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಹೋದ್ಯೋಗಿಗಳು ಜೊತೆಗಿದ್ದರು. ಪ್ರಯೋಗದ ಹೆಸರು ಕಿಸ್ವಾಹಿಲಿಯಲ್ಲಿತ್ತು: ಪಮೋಜಾ ತುಲಿಂದೆ ಮೈಶಾ, ಒಟ್ಟಾಗಿ ಜೀವ ಉಳಿಸೋಣ. ನಾಲ್ಕರಲ್ಲಿ ಒಂದು ಎಂಎಬಿ114. ಇನ್ನೊಂದು, ಮನುಷ್ಯರ ಪ್ರತಿರಕ್ಷಾ ವಂಶವಾಹಿಗಳನ್ನು ಹೊತ್ತ ಇಲಿಗಳನ್ನು ಬಳಸಿ ತಯಾರಿಸಿದ ಆರ್‌ಇಜಿಎನ್-ಇಬಿ3 ಎಂಬ ಪ್ರತಿಕಾಯಗಳ ಮಿಶ್ರಣ. ಮೂರನೆಯದು ಝೆಡ್‌ಮ್ಯಾಪ್. ನಾಲ್ಕನೆಯದರ ಹೆಸರು 2021ರ ಏಪ್ರಿಲ್-ಮೇ ತಿಂಗಳ ಕೋವಿಡ್ ಅಲೆಯಲ್ಲಿ ಬೆಂಗಳೂರಿನ ಔಷಧ ಅಂಗಡಿಗಳ ಮುಂದೆ ಅಲೆದ ಪ್ರತಿ ಕುಟುಂಬಕ್ಕೂ ಗೊತ್ತು: ರೆಮ್‌ಡೆಸಿವಿರ್.

ಗುಂಡಿನ ಸದ್ದಿನ ನಡುವೆಯೂ 681 ರೋಗಿಗಳು ಪ್ರಯೋಗಕ್ಕೆ ಸೇರಿದರು. 725 ಮಂದಿ ಆಗುವವರೆಗೆ ನಡೆಸುವ ಯೋಜನೆಯಿತ್ತು. 2019ರ ಆಗಸ್ಟ್ 9ರಂದು ಅಂಕಿಅಂಶ ನೋಡಿದ ಸ್ವತಂತ್ರ ಮಂಡಳಿ ಅದನ್ನು ಅಲ್ಲಿಗೇ ನಿಲ್ಲಿಸಲು ಹೇಳಿತು, ಏಕೆಂದರೆ ಉತ್ತರ ಸಿಕ್ಕಿತ್ತು. ರೆಮ್‌ಡೆಸಿವಿರ್ ಪಡೆದವರಲ್ಲಿ ಸಾವು ಶೇಕಡ 53, ಝೆಡ್‌ಮ್ಯಾಪ್‌ನಲ್ಲಿ ಸುಮಾರು 50. ಎಂಎಬಿ114 ಪಡೆದವರಲ್ಲಿ 35, ಆರ್‌ಇಜಿಎನ್-ಇಬಿ3ಯಲ್ಲಿ 33.5. ರಕ್ತದಲ್ಲಿ ವೈರಾಣು ಇನ್ನೂ ಕಡಿಮೆಯಿರುವಾಗಲೇ ಬಂದವರಿಗೆ ಈ ಕೊನೆಯ ಎರಡರಲ್ಲಿ ಯಾವುದನ್ನು ಕೊಟ್ಟರೂ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಉಳಿದರು. ಯಾಂಬುಕುವಿನಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸತ್ತಿದ್ದರು.

ಎಬೋಲಾ ವಾಸಿಯಾಗದ ರೋಗ ಎಂಬ ಮಾತನ್ನು ಇನ್ನು ಹೇಳುವಂತಿಲ್ಲ ಎಂದು ಮುಯೆಂಬೆ ಆ ವಾರ ಘೋಷಿಸಿದರು. ಆಗ ಅವರಿಗೆ 77 ವರ್ಷ. ಹಿಂದಿನ ತಿಂಗಳಷ್ಟೇ ರಾಷ್ಟ್ರಾಧ್ಯಕ್ಷರು ಕಿವುವಿನ ಇಡೀ ಹೋರಾಟದ ಹೊಣೆಯನ್ನು ಅವರಿಗೆ ಒಪ್ಪಿಸಿದ್ದರು. ಅವರ ತಂಡ ಇನ್ನೊಂದು ನಿರ್ಧಾರಕ್ಕೂ ಅಂಟಿಕೊಂಡಿತ್ತು: ಕಾಂಗೋ ರೋಗಿಗಳ ರಕ್ತದ ಮಾದರಿಗಳು ಕಾಂಗೋದಲ್ಲೇ ಉಳಿಯಬೇಕು, ಅಧ್ಯಯನ ಮಾಡಬೇಕೆನ್ನುವವರು ಇಲ್ಲಿಗೇ ಬರಲಿ. ಕೆಲವು ವಿದೇಶಿ ವಿಜ್ಞಾನಿಗಳಿಗೆ ಇದು ಹಿಡಿಸಲಿಲ್ಲ. ನಲವತ್ತು ವರ್ಷ ಸೀಸೆಗಳು ಒಂದೇ ದಿಕ್ಕಿಗೆ ಹೋದದ್ದನ್ನು ನೋಡಿದ ಮನುಷ್ಯನಿಗೆ ಹಾಗೆ ಹೇಳುವ ಹಕ್ಕು ಖಂಡಿತ ಇತ್ತು. ಕಿವುವಿನ ಸೋಂಕು ಮುಗಿಯಿತೆಂದು 2020ರ ಜೂನ್ 25ರಂದು ಘೋಷಿಸುವ ಹೊತ್ತಿಗೆ 3,470 ಮಂದಿಗೆ ರೋಗ ತಗುಲಿ 2,287 ಮಂದಿ ಸತ್ತಿದ್ದರು, ಮೂರು ಲಕ್ಷಕ್ಕೂ ಹೆಚ್ಚು ಜನಕ್ಕೆ ಲಸಿಕೆ ಬಿದ್ದಿತ್ತು. ಆ ವರ್ಷ ಡಿಸೆಂಬರ್‌ನಲ್ಲಿ ಎಂಎಬಿ114ಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮೋದನೆ ಸಿಕ್ಕಿತು.

ಕೆಲಸ ಮುಗಿದಿಲ್ಲ. ಈ ಪ್ರತಿಕಾಯ ಯಾಂಬುಕುವಿನಲ್ಲಿ ಕಂಡ, ಎಬೋಲಾದ ಝೈರ್ ತಳಿಗೆ ಮಾತ್ರ ನಾಟುತ್ತದೆ. 2022ರಲ್ಲಿ ಉಗಾಂಡದಲ್ಲಿ ಸುಡಾನ್ ತಳಿ ಎದ್ದಾಗ ವೈದ್ಯರ ಕೈಯಲ್ಲಿ ಅನುಮೋದಿತ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಔಷಧ ಇರುವ ತಳಿಗೂ ಅದು ತಲುಪಬೇಕಾದವರಿಗೆ ಹೊತ್ತಿಗೆ ಸರಿಯಾಗಿ ತಲುಪುತ್ತಿಲ್ಲ. 2025ರ ಆಗಸ್ಟ್‌ನಲ್ಲಿ ಕಾಂಗೋದ ಕಸಾಯಿ ಪ್ರಾಂತ್ಯದ ಬುಲಾಪೆ ಆಸ್ಪತ್ರೆಗೆ ಒಬ್ಬ ಬಸುರಿ ಜ್ವರ, ರಕ್ತಸ್ರಾವದಿಂದ ದಾಖಲಾಗಿ ಸತ್ತಳು. ಸೆಪ್ಟೆಂಬರ್ 3ರಂದು ಎಬೋಲಾ ಎಂದು ದೃಢಪಡಿಸಿದ್ದು ಕಿನ್ಶಾಸಾದ ಐಎನ್‌ಆರ್‌ಬಿ. ಮಾದರಿ ಬೆಲ್ಜಿಯಂಗೆ ಹೋಗಬೇಕಾಗಲಿಲ್ಲ. ಮೊದಲು ಸತ್ತವರ ಪಟ್ಟಿಯಲ್ಲಿ ನಾಲ್ವರು ಆರೋಗ್ಯ ಸಿಬ್ಬಂದಿ ಇದ್ದರು. ಗಾಡಿ ಹೋಗಲಾರದ ರಸ್ತೆಗಳನ್ನು ದಾಟಿ ಲಸಿಕೆ ಮತ್ತು ಎಂಎಬಿ114 ಅಲ್ಲಿಗೆ ಬಂದವು. ಡಿಸೆಂಬರ್ 1ರಂದು ಸೋಂಕು ಮುಗಿಯಿತೆಂದು ಘೋಷಿಸಿದಾಗ ಲೆಕ್ಕ ಹೀಗಿತ್ತು: 64 ಮಂದಿಗೆ ರೋಗ, 45 ಸಾವು. ಪ್ರತಿಕಾಯ ಕೈಯಲ್ಲಿದ್ದೂ ಇಷ್ಟು ಜನ ಸತ್ತದ್ದಕ್ಕೆ ವಿಜ್ಞಾನದಲ್ಲಿ ಕಾರಣ ಹುಡುಕಬೇಕಿಲ್ಲ. ಬುಲಾಪೆಯಂಥ ಊರಿನ ಆಸ್ಪತ್ರೆಯಲ್ಲಿ ಕೈಗವಸು, ಪರೀಕ್ಷಾ ಸಲಕರಣೆ ಮತ್ತು ಔಷಧದ ಪೆಟ್ಟಿಗೆ ಮೊದಲ ರೋಗಿ ಬರುವ ಮೊದಲೇ ಇರಬೇಕಿತ್ತು.